ಏಳು ಮೆಟ್ಟಿಲು ಮತ್ತು ನನ್ನ ಎಡಗಾಲು

ಕಾಯಿಲೆ ಬಂದ ದಿನ ನಾನು ಒರಳುಕಲ್ಲು ಕಡೆಯುತ್ತಿದ್ದೆ. ಬೆಳಿಗ್ಗೆ ರೊಟ್ಟಿ ತಿಂದು ಬಂಡೆಯ ಹತ್ತಿರ ಹೋಗಿ ಕೂತಿದ್ದೆ. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಎಡಗೈಯಲ್ಲಿದ್ದ ಕಲ್ಲು ಕೆತ್ತುವ ಚಾಣ ಜಾರಿ ಕೆಳಗೆ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಕೈ ಜೋಮು ಹಿಡಿದಿರಬೇಕು ಅಂದುಕೊಂಡು ಮೂರನೇ ಸಲ ಬಗ್ಗಿದೆ. ಈ ಸಲ ಬಿದ್ದದ್ದು ನಾನು.

ಹತ್ತು ಮಾರು ಆಚೆ ಜಲ್ಲಿ ಒಡೆಯುತ್ತಿದ್ದ ನನ್ನ ಹೆಂಡತಿ ಗಂಗವ್ವ ಮೊದಲು ತಮಾಷೆ ಅಂದುಕೊಂಡಳಂತೆ. ನಾನು ಹಾಗೆಲ್ಲ ಆಟ ಆಡುವವನೇ. ಎದ್ದು ಬಂದು ನನ್ನ ಮುಖ ನೋಡಿದ ಮೇಲೆ ಅವಳ ಕೈಯಲ್ಲಿದ್ದ ಸುತ್ತಿಗೆಯೂ ಬಿತ್ತು. ಬಾಯಿ ಒಂದು ಕಡೆ ಎಳೆದಿತ್ತಂತೆ. ಏನೂ ಆಗಿಲ್ಲ, ನೀರು ಕೊಡು ಅಂತ ನಾನು ಹೇಳಿದೆ. ಅವಳಿಗೆ ಕೇಳಿಸಿದ್ದು ಬರೀ ಗೊರಗೊರ ಸದ್ದು.

ನನ್ನ ಹೆಸರು ಹನುಮಂತಪ್ಪ. ಸವಳಂಗಕ್ಕೆ ನಡೆದು ಹೋಗಿ ಮಧ್ಯಾಹ್ನದೊಳಗೆ ವಾಪಸು ಬರುವಷ್ಟು ದೂರದ ಊರು ನಮ್ಮದು. ಹುಟ್ಟಿದ್ದು ಕಲ್ಲುಕೆಲಸದವರ ಮನೆಯಲ್ಲಿ. ಓದು ಬರಹ ಶಾಲೆಯಲ್ಲಿ ಕಲಿತದ್ದಲ್ಲ. ಕಲ್ಲಿನ ಮೇಲೆ ಬೇರೆಯವರ ಹೆಸರು ಕೆತ್ತಿ ಕೆತ್ತಿ ಅಕ್ಷರ ಕೈಗೆ ಹತ್ತಿತು, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ. ಬರೆಯುವ ಕಾರಣ ಇಷ್ಟೇ: ಲಕ್ವ ಹೊಡೆದು ಮೂಲೆ ಸೇರಿದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಕಾಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವರ ಮನೆಯ ಹೊಸ್ತಿಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆಗ ನನಗೆ ಅರವತ್ತು ದಾಟಿ ಒಂದೆರಡು ವರ್ಷ ಆಗಿತ್ತು. ಬಿಳಿಯರ ದೇಶದಲ್ಲಿ ಮತ್ತೆ ಯುದ್ಧ ಶುರುವಾಗಿದೆ ಅಂತ ಸಂತೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದ ಕಾಲ.

ಮೊದಲ ಕೆಲವು ದಿನ ನನ್ನ ಮೈಗೆ ನನ್ನನ್ನು ಬಿಟ್ಟು ಉಳಿದವರೆಲ್ಲ ಯಜಮಾನರಾದರು. ಒಬ್ಬರು ಎಣ್ಣೆ ತಿಕ್ಕಿದರು, ಇನ್ನೊಬ್ಬರು ತಿಕ್ಕಬಾರದು ಅಂದರು. ಲಕ್ಕಿ ಸೊಪ್ಪು ಕುದಿಸಿ ಬಿಸಿನೀರು ಹಾಕಿದರು. ತೋಳಿಗೆ ದಾರ ಕಟ್ಟಿದರು. ನೋಡಲು ಬಂದವರು ನನ್ನ ಮುಂದೆಯೇ, ನಾನು ಮನೆಯಲ್ಲಿ ಇಲ್ಲವೇನೋ ಎನ್ನುವ ಹಾಗೆ, ಪಾಪ ಹೆಂಗಿದ್ದ ಮನುಷ್ಯ ಹೆಂಗಾದ ಅಂತ ಹೇಳಿ ಚಾ ಕುಡಿದು ಹೋದರು. ನಾಲಿಗೆ ಎಂಟು ಹತ್ತು ದಿನಕ್ಕೆ ದಾರಿಗೆ ಬಂತು. ಮಾತು ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ ಹಾಗೆ ನೋಡಲು ಬರುವವರನ್ನು ಬೈದು ಕಳಿಸಿದ್ದು.

ಆದರೆ ಕೈ ಕಾಲು ಬರಲಿಲ್ಲ. ಎಡಗಾಲು ಇತ್ತು, ನನ್ನದಾಗಿರಲಿಲ್ಲ. ಹಾಸಿಗೆಯ ಪಕ್ಕ ಒಂದು ಮಡಕೆ ಇಟ್ಟಿದ್ದರು. ನನಗೆ ಸಾವಿನ ಭಯಕ್ಕಿಂತ ಆ ಮಡಕೆಯ ಭಯ ಹೆಚ್ಚಾಗಿತ್ತು. ಗಂಗವ್ವ ಅದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿತ್ತಲಿಗೆ ಒಯ್ಯುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವಳು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಹದಿನೈದು ದಿನದ ಮೇಲೆ ಮಗ ರುದ್ರಪ್ಪ ನನ್ನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಊರಿನ ಧರ್ಮಾಸ್ಪತ್ರೆಗೆ ಕರೆದುಕೊಂಡು ಹೋದ. ಅದನ್ನು ಕಟ್ಟಿಸಿದ್ದು ನಮ್ಮೂರ ದೊಡ್ಡ ಸಾಹುಕಾರರು. ಅವರು ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಕಟ್ಟಡದ ಕಲ್ಲುಕೆಲಸ ಪೂರ್ತಿ ನನ್ನದು. ರಸ್ತೆಯಿಂದ ನೋಡಿದರೆ ಅರಮನೆ ಹಂಗೆ ಕಾಣಬೇಕು ಅಂತ ಸಾಹುಕಾರರು ಹೇಳಿದ್ದರು, ಅದಕ್ಕೆ ಪಾಯವನ್ನು ಆಳೆತ್ತರ ಎತ್ತಿದ್ದೆವು. ಹತ್ತಲು ಏಳು ಮೆಟ್ಟಿಲು. ಒಂದೊಂದು ಮೆಟ್ಟಿಲೂ ಒಂದು ಗೇಣು ನಾಲ್ಕು ಬೆರಳು ಎತ್ತರ, ಒಂದು ಮೊಳ ಅಗಲ. ಹದಿನಾಲ್ಕು ಇರಬೇಕಿದ್ದ ಕಡೆ ಏಳೇ ಹಾಕಿದ್ದೆ. ಎತ್ತರದ ಮೆಟ್ಟಿಲಿಗೆ ಗತ್ತು ಜಾಸ್ತಿ. ಆಗ ನನಗೆ ಎರಡು ಕಾಲಿದ್ದವು.

ಮೊದಲ ಮೆಟ್ಟಿಲ ಮುಖದ ಮೇಲೆ, ನಟ್ಟನಡುವೆ, ಸಾಹುಕಾರರ ಹೆಸರನ್ನೂ ನಾನೇ ಕೆತ್ತಿದ್ದೆ.

ರುದ್ರಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡ, ಕಾಂಪೌಂಡರ್ ಹಿಂದಿನಿಂದ ಆನಿಸಿಕೊಂಡ. ಜೋಳದ ಮೂಟೆ ಸಾಗಿಸುವ ಹಾಗೆ ನನ್ನನ್ನು ಸಾಗಿಸಿದರು. ಎರಡನೇ ಮೆಟ್ಟಿಲಲ್ಲಿ ಪಂಚೆ ಸರಿಯಿತು, ಸರಿಮಾಡಿಕೊಳ್ಳಲು ನನಗೆ ಕೈಯಿರಲಿಲ್ಲ. ಮೇಲೆ ಹೋಗುತ್ತಾ, ಕತ್ತು ವಾಲಿ, ಓರೆಯಾಗಿ ಕಂಡದ್ದು ಅಂಗಳದ ಬೇವಿನ ಮರ. ಅದರ ಕೆಳಗೆ ಐದಾರು ಜನ ಮುದುಕರು ಮುದುಕಿಯರು ಕೂತು ನನ್ನನ್ನೇ ನೋಡುತ್ತಿದ್ದರು. ಯಾಕೆ ಕೂತಿದ್ದಾರೆ ಅಂತ ಆಗ ನನಗೆ ಹೊಳೆಯಲಿಲ್ಲ.

ಡಾಕ್ಟರು ಮೈಸೂರು ಕಡೆಯವರು, ಚಿಕ್ಕ ವಯಸ್ಸು. ಅಂಗಾಲಿಗೆ ಸೂಜಿ ಚುಚ್ಚಿ ನೋಡಿದರು, ಕಣ್ಣ ರೆಪ್ಪೆ ಎತ್ತಿ ನೋಡಿದರು. ಪಾರ್ಶ್ವವಾಯು ಅಂದರು. ಇದಕ್ಕೆ ಔಷಧಿ ಕಡಿಮೆ, ಅಭ್ಯಾಸವೇ ಹೆಚ್ಚು, ಎದ್ದು ನಿಂತು ದಿನಾ ನಡೆಯಬೇಕು, ಎಷ್ಟು ನಡೆಯುತ್ತೀರೋ ಅಷ್ಟು ಕಾಲು ನಿಮ್ಮದು ಅಂದರು. ನಾನು ಕೇಳಿದೆ:

"ಎಲ್ಲಿ ನಡೀಲಿ ಸ್ವಾಮಿ?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಮನೆಯಲ್ಲೇ ನಡೀರಿ ಅಂದು ಸೀಸೆಗೆ ಔಷಧಿ ಹಾಕಿಸಿಕೊಟ್ಟರು.

ನಮ್ಮ ಮನೆಯ ಬಗ್ಗೆ ಅವರಿಗೇನು ಗೊತ್ತು? ಅದು ನಮ್ಮಪ್ಪ ಕಟ್ಟಿದ ಮನೆ. ಕಲ್ಲಿಗೆ ಬರವಿಲ್ಲದವರ ಮನೆ ಹೇಗಿರುತ್ತದೋ ಹಾಗಿತ್ತು. ಪಡಸಾಲೆಯಿಂದ ನಡುಮನೆಗೆ ಒಂದು ಹೊಸ್ತಿಲು, ನಡುಮನೆಯಿಂದ ಹಿತ್ತಲಿಗೆ ಇನ್ನೊಂದು, ಎರಡೂ ಮೊಣಕಾಲ ಹತ್ತಿರ ಬರುವಷ್ಟು ಎತ್ತರ. ಬಚ್ಚಲಿಗೆ ನುಣುಪಾದ ಚಪ್ಪಡಿ. ಮುಂದೆ ಸೊಂಟದೆತ್ತರದ ಜಗಲಿ, ಅದರಿಂದ ಬೀದಿಗೆ ಎರಡೇ ಮೆಟ್ಟಿಲು. ಮಗ ಮತ್ತು ಗಂಗವ್ವ ಎರಡು ಕಡೆ ಹಿಡಿದು ನನ್ನನ್ನು ನಡೆಸಲು ನೋಡಿದರು. ನಾಲ್ಕು ಹೆಜ್ಜೆಗೆ ಒಂದು ಹೊಸ್ತಿಲು ಬರುತ್ತಿತ್ತು, ಅಲ್ಲಿಗೆ ಆ ದಿನದ ನಡಿಗೆ ಮುಗಿಯುತ್ತಿತ್ತು. ಎರಡು ತಿಂಗಳು ಹೀಗೇ ಆಯಿತು. ಆಮೇಲೆ ಮಗ ಹೊಲಕ್ಕೆ ಹೋಗತೊಡಗಿದ, ಗಂಗವ್ವ ಜಲ್ಲಿಗೆ. ನಾನು ಗೋಡೆ ನೋಡುತ್ತಾ ಕೂತೆ.

ನಮ್ಮ ಮಗಳು ನಿಂಗವ್ವನನ್ನು ಜಗಳೂರು ಸೀಮೆಯ ಸೊಕ್ಕೆಗೆ ಕೊಟ್ಟಿದ್ದೆವು. ಸುದ್ದಿ ಕೇಳಿ ಬಂದವಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಹಟ ಹಿಡಿದಳು. ಅವಳ ಊರಿನಲ್ಲಿ ಒಬ್ಬರು ನಾಟಿ ಔಷಧಿ ಕೊಡುತ್ತಾರಂತೆ. ದಾವಣಗೆರೆವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ಸ್ವಲ್ಪ ಬಸ್ಸು, ಸ್ವಲ್ಪ ಗಾಡಿ. ಹತ್ತಿಸಿ ಇಳಿಸಿ ಸಾಗಿಸಿದರು. ಆ ಪ್ರಯಾಣದ ಬಗ್ಗೆ ಬರೆಯುವುದಿಲ್ಲ.

ಸೊಕ್ಕೆಯಲ್ಲಿ ನಾನು ನಡೆದೆ.

ಔಷಧಿಯಿಂದ ಅಂತ ಎಲ್ಲರೂ ಹೇಳಿದರು. ನಾನೂ ಹಾಗೇ ನಂಬಿದ್ದೆ. ಮಗಳ ಮನೆ ಮಣ್ಣಿನದು. ಹೊಸ್ತಿಲು ಅಂದರೆ ಎರಡು ಬೆರಳು ದಪ್ಪದ ಒಂದು ಹಲಗೆ. ಒಳಗೋಡೆಯ ಉದ್ದಕ್ಕೂ ಕೈಗೆ ಸಿಗುವ ಎತ್ತರದಲ್ಲಿ ಮಣ್ಣಿನ ಕಟ್ಟೆ. ಮನೆಯಿಂದ ಹೊರಗೆ ಬಂದರೆ ಸಗಣಿ ಸಾರಿಸಿದ ಕಣ, ಚಾಪೆ ಹಾಸಿದಂತೆ ಸಮ, ಅದರಾಚೆ ಹೊಲ. ಬಂದ ಐದನೇ ದಿನ ಗೋಡೆ ಹಿಡಿದು ನಿಂತೆ. ಹತ್ತನೇ ದಿನ ಕಟ್ಟೆ ಹಿಡಿದು ಬಾಗಿಲಿಗೆ ಬಂದೆ. ಒಂದು ತಿಂಗಳಿಗೆ ಬಲಗೈಯಲ್ಲಿ ಕೋಲು ಊರಿ, ಎಡಗಾಲು ಎಳೆಯುತ್ತಾ, ಕಣ ದಾಟಿದೆ. ಚೊಂಬನ್ನು ಹಗ್ಗ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ಒಬ್ಬನೇ ಬಯಲಿಗೆ ಹೋಗಿಬಂದ ದಿನ ನಾನು ಮಗಳ ಮನೆಯ ಮುಂದೆ ನಿಂತು ಅತ್ತೆ. ಓದುವವರಿಗೆ ನಗು ಬಂದರೆ ನಗಲಿ. ಮೂರು ತಿಂಗಳು ಮಡಕೆಯ ಪಕ್ಕ ಮಲಗಿದವರು ನಗುವುದಿಲ್ಲ.

ಗುಣವಾಯಿತು ಅಂತ ಊರಿಗೆ ಕರೆದುಕೊಂಡು ಬಂದರು. ಬಂದ ದಿನವೇ ಪಡಸಾಲೆಯ ಹೊಸ್ತಿಲಿಗೆ ಎಡಗಾಲು ತಾಗಿ ಮುಖ ಕೆಳಗಾಗಿ ಬಿದ್ದೆ. ಮುಂದಿನ ಹಲ್ಲು ಎರಡು ಹೋದವು. ಮನೆ ತುಂಬಾ ಜನ ಸೇರಿದರು. ಕಾಯಿಲೆ ತಿರುಗಿ ಬಂತು ಅಂದರು, ವಯಸ್ಸಾಯಿತು ಅಂದರು. ಇನ್ನು ಮೇಲೆ ಎದ್ದು ಓಡಾಡಬೇಡ ಅಪ್ಪ, ನಾವು ಇದ್ದೀವಲ್ಲ ಅಂದ ರುದ್ರಪ್ಪ. ಅವನು ಒಳ್ಳೆಯ ಮಗ. ಪ್ರೀತಿಯಿಂದಲೇ ಅಂದ. ಅದೇ ಪ್ರೀತಿಯಿಂದ ಸೊಸೆ ಆ ಮಡಕೆಯನ್ನು ಮತ್ತೆ ತಂದು ಹಾಸಿಗೆಯ ಪಕ್ಕ ಇಟ್ಟಳು.

ನೋವಿಗಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ನಾನು ಲೆಕ್ಕ ಹಾಕಲು ಶುರುಮಾಡಿದೆ, ಅದು ನಮ್ಮ ಕಸುಬಿನ ಅಭ್ಯಾಸ. ಮೊನ್ನೆಯವರೆಗೆ ಸೊಕ್ಕೆಯಲ್ಲಿ ದಿನಾ ನಡೆದದ್ದು ಇದೇ ಕಾಲು. ಗಾಡಿಯಲ್ಲಿ ಕೂತು ಬರುವಾಗ ಕಾಲಿಗೆ ಏನಾಯಿತು? ಏನೂ ಆಗಲಿಲ್ಲ. ಕಾಲು ಅದೇ, ನೆಲ ಬೇರೆ. ಗೇಣು ಹಾಕಿ ನೋಡಿದೆ. ನನ್ನ ಎಡಗಾಲು ನೆಲದಿಂದ ಒಂಬತ್ತು ಬೆರಳು ಮೇಲೇಳುತ್ತದೆ, ಬಹಳ ಪ್ರಯತ್ನಪಟ್ಟರೆ ಹತ್ತು. ನಮ್ಮಪ್ಪನ ಹೊಸ್ತಿಲು ಒಂದು ಗೇಣಿನ ಮೇಲೆ ಆರು ಬೆರಳು, ಅಂದರೆ ಹದಿನೆಂಟು ಬೆರಳು. ಎಂಟು ಬೆರಳಿನ ಕೊರತೆಗೆ ನಾನು ಸಾಯುವವರೆಗೆ ಮಡಕೆಯ ಪಕ್ಕ ಮಲಗಬೇಕಾ?

ಹೊಸ್ತಿಲು ಕೆತ್ತಿ ಇಳಿಸುತ್ತೇನೆ ಅಂದಾಗ ಮನೆಯಲ್ಲಿ ಗಲಾಟೆಯಾಯಿತು. ಸೊಸೆ ದಿನಾ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲು ಅದು. ಅದರ ಮೇಲೆ ಚಾಣ ಇಟ್ಟರೆ ಮನೆಗೆ ಕೇಡು ಅಂತ ಅವಳು ಅತ್ತಳು. ಅವಳ ಕಣ್ಣೀರು ಸುಳ್ಳಲ್ಲ, ನನ್ನ ಹಲ್ಲು ಮುರಿದದ್ದೂ ಸುಳ್ಳಲ್ಲ. ಗಂಗವ್ವ ಎಲ್ಲರ ಮಾತು ಕೇಳಿಸಿಕೊಂಡು ಹಿತ್ತಲಿಗೆ ಹೋದಳು. ಮೂಲೆಯಲ್ಲಿ ಬಿದ್ದಿದ್ದ ಎರಡು ಹಾಸುಗಲ್ಲಿನ ತುಂಡನ್ನು ಉರುಳಿಸಿಕೊಂಡು ಬಂದು ಹೊಸ್ತಿಲಿನ ಈ ಕಡೆ ಒಂದು, ಆ ಕಡೆ ಒಂದು ಇಟ್ಟಳು. "ಹೊಸ್ತಿಲು ಅಲ್ಲೇ ಇರ್ಲಿ. ನೆಲ ಎತ್ತಿದ್ರೆ ಆತು" ಅಂದಳು.

ನಲವತ್ತು ವರ್ಷ ಕಲ್ಲಿನ ಕೆಲಸ ಮಾಡಿದ ನನಗೆ ಹೊಳೆಯದಿದ್ದದ್ದು ಅವಳಿಗೆ ಹೊಳೆದಿತ್ತು. ಆ ವಾರವೇ ಹಿತ್ತಲ ಹೊಸ್ತಿಲಿಗೂ ಕಲ್ಲು ಬಂತು. ಗೋಡೆಗೆ ಗೂಟ ಬಡಿದು ಹಗ್ಗ ಎಳೆದಳು, ನಾನು ಅದನ್ನು ಹಿಡಿದು ಬಚ್ಚಲಿನವರೆಗೆ ಹೋಗುವ ಹಾಗೆ. ಬಚ್ಚಲ ಚಪ್ಪಡಿ ಜಾರುತ್ತಿತ್ತು. ಅದರ ಮೇಲೆ ನಾನು ಕೂತು ಕೂತೇ ಬಲಗೈಯಲ್ಲಿ ಚೂಪು ಸುತ್ತಿಗೆಯಿಂದ ತಟ್ಟಿ ತಟ್ಟಿ ಒರಟು ಮಾಡಿದೆ. ಮಡಕೆ ಅಡುಗೆಮನೆಯ ಅಟ್ಟ ಸೇರಿತು. ಜಗಲಿಯಿಂದ ಬೀದಿಗೆ ಎರಡರ ಜೊತೆ ಇನ್ನೆರಡು ಮೆಟ್ಟಿಲು ಸೇರಿಸಿದ ದಿನ ನಾನು ಸಂಜೆ ಓಣಿಯ ತುದಿಯ ಅರಳೀಕಟ್ಟೆಗೆ ಹೋಗಿ ಕೂತೆ. ದಾರಿಯಲ್ಲಿ ಮೂವರು ಕೈ ಹಿಡಿಯಲು ಬಂದರು. ಮೂವರಿಗೂ ಬೇಡ ಅಂದೆ.

ಇಳಿಯುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ನಾನು ಹತ್ತುವಾಗ ಬಲಗೈ ಬದಿಗೆ ಹಿಡಿಕೆ ಇರಬೇಕು. ಇಳಿಯುವಾಗ ಅದೇ ಹಿಡಿಕೆ ಎಡಗಡೆಗೆ ಬರುತ್ತದೆ, ಆ ಕೈ ಹಿಡಿಯುವುದಿಲ್ಲ. ಅದಕ್ಕೆ ನಾನು ತಿರುಗಿ, ಮನೆಗೆ ಮುಖ ಮಾಡಿ, ಹಿಮ್ಮುಖವಾಗಿ ಇಳಿಯುತ್ತೇನೆ. ನೋಡಿದವರು ನಗುತ್ತಾರೆ. ಬಿದ್ದಿಲ್ಲ.

ಆಮೇಲೆ ಆಸ್ಪತ್ರೆಗೆ ಹೋದೆ. ಡಾಕ್ಟರು ತಿಂಗಳಿಗೊಮ್ಮೆ ಬನ್ನಿ ಅಂದಿದ್ದರು. ಈ ಸಲ ನಡೆದೇ ಹೋದೆ, ಗಂಗವ್ವ ಎರಡು ಹೆಜ್ಜೆ ಹಿಂದೆ ಇದ್ದಳು. ಮೆಟ್ಟಿಲ ಬುಡಕ್ಕೆ ಬಂದು ತಲೆ ಎತ್ತಿ ನೋಡಿದಾಗ ನನ್ನ ಕೆಲಸ ನನ್ನನ್ನೇ ನೋಡುತ್ತಾ ನಿಂತಿತ್ತು. ಒಂದು ಗೇಣು ನಾಲ್ಕು ಬೆರಳು, ಹಿಡಿಯಲು ಏನೂ ಇಲ್ಲ. ಕಾಂಪೌಂಡರ್ ಎತ್ತಿಕೊಳ್ಳಲು ಇಳಿದು ಬಂದ. ಬೇಡ ಅಂದು ಬೇವಿನ ಮರದ ಕೆಳಗೆ ಹೋಗಿ ಕೂತೆ.

ಅಲ್ಲಿ ಕೂತವರ ಗುಟ್ಟು ಆಗ ತಿಳಿಯಿತು. ಅವರೆಲ್ಲ ಮೇಲೆ ಹತ್ತಲಾಗದವರು. ಜೊತೆಗೆ ಬಂದವರು ಮೇಲೆ ಹೋಗಿ ಇವರ ಕಾಯಿಲೆಯನ್ನು ತಮಗೆ ತಿಳಿದಂತೆ ಡಾಕ್ಟರಿಗೆ ಹೇಳುತ್ತಿದ್ದರು. ಮೇಲಿನಿಂದ ಕಾಗದದ ಪಟ್ಟಿ ಅಂಟಿಸಿದ ಸೀಸೆ ಬರುತ್ತಿತ್ತು, ಪಟ್ಟಿಯ ಅಳತೆಯ ಗುರುತು ನೋಡಿ ಕುಡಿಯುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಬಸಮ್ಮಜ್ಜಿ ಒಂದು ವರ್ಷದಿಂದ ಹೀಗೆ ಬರುತ್ತಿದ್ದಳು. ಡಾಕ್ಟರ ಮುಖ ಹೆಂಗೈತೆ ಅಂತ ನನ್ನನ್ನು ಕೇಳಿದಳು. ಅವಳು ಅವರನ್ನು ನೋಡೇ ಇರಲಿಲ್ಲ.

ನನಗೆ ನಾಚಿಕೆಯಾಯಿತು. ಇಷ್ಟು ಜನರನ್ನು ಮರದ ಕೆಳಗೆ ಕೂರಿಸಿದ್ದು ಸಾಹುಕಾರರೂ ಅಲ್ಲ, ಡಾಕ್ಟರೂ ಅಲ್ಲ. ಕೇಳಿದವರಿಗೆ ಎದುರು ಹೇಳದೆ ಗತ್ತಿಗೆ ಮೆಟ್ಟಿಲು ಕಡಿದವನು ನಾನು.

ಕಾಂಪೌಂಡರ್ ಮತ್ತೆ ಬಂದು ಹೆಂಗಿದೀರಿ ಹೇಳ್ರಿ, ನಾನು ಹೋಗಿ ಹೇಳ್ತೀನಿ ಅಂದ. ನಾನು ಹೇಳಲಿಲ್ಲ. ನನ್ನ ಕಾಲು ಇಲ್ಲಿಗೆ ಬಂದಿದೆ, ನೋಡುವವರು ನೋಡಲಿ ಅಂತ ಹೇಳಿ ಕಳಿಸಿದೆ. ಡಾಕ್ಟರು ಬರಲಿಲ್ಲ. ಮಧ್ಯಾಹ್ನ ಆಸ್ಪತ್ರೆ ಮುಚ್ಚಿತು, ನಾನು ಮನೆಗೆ ಬಂದೆ. ಮರುದಿನ ಮತ್ತೆ ಹೋಗಿ ಕೂತೆ. ಮಗನಿಗೆ ಸಿಟ್ಟು ಬಂತು. ನಾನು ಹೊತ್ತುಕೊಂಡು ಹೋಗಲ್ಲ ಅಂದೆನಾ, ಜನ ನನಗೆ ಏನಂತಾರೆ ಅಂತ ಕೂಗಾಡಿದ. ಅವನ ಬೆನ್ನು ಗಟ್ಟಿಯಿದೆ, ಅದು ನನಗೆ ಗೊತ್ತು. ಆದರೆ ನಾನು ಎಲ್ಲಿಗೆ ಯಾವಾಗ ಹೋಗಬೇಕು ಅನ್ನುವುದನ್ನು ಅವನ ಬೆನ್ನು ತೀರ್ಮಾನ ಮಾಡುವುದು ನನಗೆ ಬೇಕಿರಲಿಲ್ಲ. ಸುಮ್ಮನೆ ಕೋಲು ತೆಗೆದುಕೊಂಡು ನಾಲ್ಕನೇ ದಿನವೂ ಹೋದೆ.

ಆ ದಿನ ಡಾಕ್ಟರು ಇಳಿದು ಬಂದರು. ಮುಖ ಕೆಂಪಾಗಿತ್ತು. ಏನು ಯಜಮಾನ್ರೇ ಇದು ಹಟ ಅಂದರು. ಹಟ ಅಲ್ಲ, ಎತ್ತರ ಅಂದೆ. ಅವರು ನನ್ನ ಕಾಲು ನೋಡಿದರು, ಸುಧಾರಿಸಿದೆ ಅಂತ ಆಶ್ಚರ್ಯಪಟ್ಟರು. ಬಂದದ್ದು ಬಂದಿದ್ದೀರಿ, ಈ ಅಜ್ಜಿಯನ್ನೂ ನೋಡಿ ಅಂದೆ. ಬಸಮ್ಮಜ್ಜಿಗೆ ಕೆಮ್ಮಿನ ಔಷಧಿ ಹೋಗುತ್ತಿತ್ತು, ಮೊಮ್ಮಗಳು ಕೆಮ್ಮು ಅಂತಲೇ ಹೇಳುತ್ತಿದ್ದಳು. ಡಾಕ್ಟರು ಅವಳ ಊದಿದ ಪಾದ ಒತ್ತಿ ನೋಡಿದರು, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕೊಳವೆ ತೆಗೆದಾಗ ಅವರ ಮುಖದ ಕೆಂಪು ಹೋಗಿತ್ತು. ಕೆಮ್ಮು ಶ್ವಾಸಕೋಶದ್ದಲ್ಲ, ಹೃದಯದ್ದು ಅಂದರು. ಒಂದು ವರ್ಷದಿಂದ ನೀವು ಇಲ್ಲೇ ಕೂತಿದ್ರಾ ಅಂತ ಅಜ್ಜಿಯನ್ನು ಕೇಳಿದರು. ಮತ್ತೆಲ್ಲಿ ಕೂರಲಪ್ಪ ಅಂದಳು ಅವಳು.

ಅಂದಿನಿಂದ ಅವರು ದಿನಾ ಒಂದು ಗಂಟೆ ಮರದ ಕೆಳಗೆ ಬಂದು ಕೂರತೊಡಗಿದರು. ಆದರೆ ಮಳೆ ಬಂದರೆ? ಔಷಧಿ ಕಟ್ಟುವ ಮೇಜು, ಪಟ್ಟಿ ಕಟ್ಟುವ ಕೋಣೆ ಎಲ್ಲ ಮೇಲಿದ್ದವು. ಡಾಕ್ಟರು ತಮ್ಮ ಮೇಲಧಿಕಾರಿಗಳಿಗೆ ಕಾಗದ ಬರೆದರು. ಯುದ್ಧ ಮುಗಿಯಲಿ ನೋಡೋಣ ಅಂತ ಉತ್ತರ ಬಂತು. ಯುದ್ಧ ಮುಗಿಯುವವರೆಗೆ ಕಾಯುವ ವಯಸ್ಸು ನನ್ನದಾಗಿರಲಿಲ್ಲ.

ನಾನು ಯೋಚಿಸಿದ್ದು ಇಷ್ಟು. ಮೆಟ್ಟಿಲು ಕೀಳುವುದು ಬೇಡ. ಬಲಗಡೆ ಅಂಚಿನಲ್ಲಿ, ಒಬ್ಬರು ಹತ್ತುವಷ್ಟು ಅಗಲಕ್ಕೆ, ಪ್ರತಿ ಮೆಟ್ಟಿಲ ಮುಂದೆ ಎಂಟು ಬೆರಳು ಎತ್ತರದ ಒಂದು ಕಲ್ಲು ಕೂರಿಸುವುದು. ಮೊಳದ ಅಗಲದಲ್ಲಿ ಅರ್ಧ ಕಲ್ಲಿಗೆ, ಅರ್ಧ ಪಾದಕ್ಕೆ. ಏಳು ಕಲ್ಲು ಸೇರಿದರೆ ಏಳು ಮೆಟ್ಟಿಲು ಹದಿನಾಲ್ಕಾಗುತ್ತದೆ. ಪಕ್ಕದಲ್ಲಿ ಮೂರು ಗಿಡ್ಡ ಕಂಬ ನಿಲ್ಲಿಸಿ ಹಿಡಿದುಕೊಳ್ಳಲು ಒಂದು ಮರದ ಗಳ.

ಸಾಹುಕಾರರ ಮಗ ಶಿವಣ್ಣನವರು ಒಪ್ಪಲಿಲ್ಲ. ಅಪ್ಪಾಜಿ ಕಟ್ಟಿಸಿದ ಕಟ್ಟಡ, ಅದರ ಮುಖ ಕೆಡಿಸಬೇಡ ಅಂದರು. ನಿನಗೆ ಬೇಕಾದರೆ ನಮ್ಮ ಆಳುಗಳಿಬ್ಬರನ್ನು ಅಲ್ಲೇ ಇಡುತ್ತೇನೆ, ಎತ್ತಿಕೊಂಡು ಹೋಗಲಿ ಅಂದರು. ಧಾರಾಳದ ಮಾತೇ ಅದು. ನಾನು ಕೈ ಮುಗಿದು ಬಂದೆ, ಬಂದು ಕಲ್ಲು ಕಡೆಯಲು ಕೂತೆ.

ಇಲ್ಲಿ ಒಂದು ಕಷ್ಟವಿತ್ತು. ಬಲಗೈ ಸುತ್ತಿಗೆ ಬೀಸುತ್ತದೆ, ಎಡಗೈ ಚಾಣ ಹಿಡಿಯುವುದಿಲ್ಲ. ಮಗನನ್ನು ಕೇಳಿದೆ. ಅವನು ಮುಖ ತಿರುಗಿಸಿಕೊಂಡು ಹೊಲಕ್ಕೆ ಹೋದ. ಗಂಗವ್ವ ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಚಾಣ ಹಿಡಿದಳು.

ಜೀವಮಾನವಿಡೀ ನಾನು ಬೀಸಿದ ಸುತ್ತಿಗೆಯ ಕೆಳಗೆ ಇದ್ದದ್ದು ನನ್ನದೇ ಕೈ. ಅದಕ್ಕೆ ಭಯವಿರಲಿಲ್ಲ. ಈಗ ಅವಳ ಕೈ. ಅರ್ಧ ಮೈ ಸತ್ತವನ ಪೆಟ್ಟು ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು. ಮೆಲ್ಲಗೆ ತಟ್ಟಿದೆ. ಕಲ್ಲು ಚೂರೂ ಏಳಲಿಲ್ಲ. ಅವಳು ತಲೆ ಎತ್ತಿ ನೋಡಿದಳು.

"ಹಿಂಗೆ ತಟ್ಟಿದ್ರೆ ಈ ಜನ್ಮದಾಗೆ ಮುಗಿಯಾಕಿಲ್ಲ. ಹೊಡೀರಿ."

ಹೊಡೆದೆ. ಎರಡನೇ ದಿನ ಒಂದು ಪೆಟ್ಟು ತಪ್ಪಿ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಯಿತು, ರಕ್ತ ಬಂತು. ಸುತ್ತಿಗೆ ಎಸೆದು ಇದು ನನ್ನಿಂದಾಗಲ್ಲ ಅಂದೆ. ಅವಳು ಬಟ್ಟೆ ಸುತ್ತಿಕೊಂಡಳು, ಎದ್ದು ಹೋಗಿ ಸುತ್ತಿಗೆ ಎತ್ತಿ ತಂದು ನನ್ನ ಕೈಗೆ ಕೊಟ್ಟಳು, ಚಾಣವನ್ನು ಈಗ ಇನ್ನೊಂದು ಕೈಯಲ್ಲಿ ಹಿಡಿದು ಕೂತಳು. ಏಳು ಕಲ್ಲಿಗೆ ನಮಗೆ ಎರಡೂವರೆ ತಿಂಗಳು ಹಿಡಿಯಿತು. ಕಾಯಿಲೆ ಬರುವ ಮೊದಲಾಗಿದ್ದರೆ ನಾನೊಬ್ಬನೇ ಒಂದು ವಾರದಲ್ಲಿ ಮುಗಿಸುತ್ತಿದ್ದೆ.

ಕಲ್ಲು ತಯಾರಾದ ಮೇಲೆ ಆಸ್ಪತ್ರೆಗೆ ಸಾಗಿಸಬೇಕಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ರುದ್ರಪ್ಪ ಎತ್ತು ಹೂಡಿ ಗಾಡಿಯನ್ನು ಕಲ್ಲಿನ ಪಕ್ಕ ತಂದು ನಿಲ್ಲಿಸಿದ್ದ. ಕಲ್ಲು ಹೇರಿದ. ಆಮೇಲೆ ನನ್ನ ಕಡೆ ನೋಡಿ, ಗಾಡಿಗೆ ಹತ್ತಿಸಲು ಬಂದವನು ಅರ್ಧಕ್ಕೇ ನಿಂತು, ಒಂದು ಕಲ್ಲನ್ನು ಗಾಡಿಯ ಹಿಂದೆ ಮೆಟ್ಟಿಲಾಗಿ ಇಟ್ಟ. ನಾನು ಹತ್ತಿದೆ.

ನಾಲ್ಕನೇ ಕಲ್ಲು ಕೂರಿಸುವಾಗ ಶಿವಣ್ಣನವರು ಬಂದರು, ಜೊತೆಗೆ ಹತ್ತಾರು ಜನ. ನಿಲ್ಲಿಸು ಅಂದರು. ಹೇಳದೆ ಕೇಳದೆ ಅಪ್ಪಾಜಿಯ ಕಟ್ಟಡ ಮುಟ್ಟಲು ನೀನು ಯಾರು ಅಂದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಏಳಲಿಲ್ಲ. ಎದ್ದು ನಿಲ್ಲುವುದು ನನಗೆ ದೊಡ್ಡ ಕೆಲಸ ಅಂತ ಅವರಿಗೂ ಗೊತ್ತಿತ್ತು.

"ನಿಮ್ಮಪ್ಪಾರ ಹೆಸರು ಕೆತ್ತಿದವನು ನಾನು, ಶಿವಣ್ಣೋರೇ. ಅದಕ್ಕೆ ಒಂದು ಗೀರೂ ಬಿದ್ದಿಲ್ಲ ನೋಡ್ರಿ. ಈ ಆಸ್ಪತ್ರೆ ಅವ್ರು ಯಾರಿಗೆ ಕಟ್ಸಿದ್ರು? ಓಡಿ ಹತ್ತೋರಿಗಾ, ಕಾಯ್ಲೆ ಬಿದ್ದೋರಿಗಾ? ಹತ್ತಾಕೆ ಆಗ್ದೋರನ್ನ ಕೆಳಗೆ ಕೂರ್ಸಿದ್ದು ನನ್ನ ತಪ್ಪು. ನನ್ನ ತಪ್ಪು ನಾನು ತಿದ್ದಾಕತ್ತೀನಿ. ಬೇಡ ಅನ್ನೋದಾದ್ರೆ ನೀವೇ ಬಂದು ಈ ಕಲ್ಲು ಕಿತ್ತು ಹಾಕ್ರಿ."

ಅವರು ಕೀಳಲಿಲ್ಲ, ಸರಿ ಅನ್ನಲೂ ಇಲ್ಲ. ನಾಳೆ ಆಳು ಕಳಿಸಿ ತೆಗೆಸುತ್ತೇನೆ ಅಂದು ಹೋದರು. ನಾವು ಉಳಿದ ಮೂರು ಕಲ್ಲನ್ನು ಅವತ್ತೇ ಕೂರಿಸಿದೆವು. ಪಕ್ಕಕ್ಕೆ ಕಂಬ ನಿಲ್ಲಿಸಿ ಗಳವನ್ನೂ ಕಟ್ಟಿದೆವು.

ಮರುದಿನ ಆಳು ಬರಲಿಲ್ಲ. ಅದರ ಮರುದಿನ ಬಂದವರು ಸಾಹುಕಾರರ ಹೆಂಡತಿ ಗೌರಮ್ಮನವರು. ಎಪ್ಪತ್ತರ ಮೇಲಿನವರು, ಮಂಡಿನೋವಿನಿಂದ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದರು. ಡಾಕ್ಟರು ಅವರ ಮನೆಗೇ ಹೋಗಿ ನೋಡುತ್ತಿದ್ದರು. ಗಂಡ ಕಟ್ಟಿಸಿದ ಆಸ್ಪತ್ರೆಯ ಒಳಗನ್ನು ಅವರು ಆರಂಭದ ದಿನ ನೋಡಿದ್ದಷ್ಟೇ. ಗಾಡಿಯಿಂದ ಇಳಿದು ಮೆಟ್ಟಿಲ ಬುಡದಲ್ಲಿ ನಿಂತರು. ಜೊತೆಗಿದ್ದ ಹೆಂಗಸು ಕೈ ಕೊಡಲು ಬಂದಳು. ಅವರು ಬೇಡವೆಂದು ಗಳ ಹಿಡಿದು ಹತ್ತಲು ಶುರುಮಾಡಿದರು. ಎಂಟನೇ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡರು. ಹದಿನಾಲ್ಕೂ ಮುಗಿದ ಮೇಲೆ ತಿರುಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗೆ ಹೋಗಿ ರೋಗಿಗಳ ಬೆಂಚಿನ ಮೇಲೆ, ಎಲ್ಲರ ಸಾಲಿನಲ್ಲಿ, ಕೂತರು.

ಆಮೇಲೆ ಶಿವಣ್ಣನವರು ಆ ಕಲ್ಲಿನ ಮಾತು ಎತ್ತಲಿಲ್ಲ. ನನ್ನ ಜೊತೆ ಮಾತನ್ನೂ ಬಿಟ್ಟರು. ಇವತ್ತಿಗೂ ಆಡುವುದಿಲ್ಲ, ಆಡದಿದ್ದರೆ ಬಿಡಲಿ.

ಬಸಮ್ಮಜ್ಜಿ ಒಂದೂವರೆ ವರ್ಷ ಬದುಕಿದಳು. ತಿಂಗಳಿಗೊಮ್ಮೆ ಹತ್ತಿ ಹೋಗಿ ಡಾಕ್ಟರಿಗೆ ತನ್ನ ಕಾಯಿಲೆಯನ್ನು ತಾನೇ, ಬಹಳ ವಿವರವಾಗಿ ಹೇಳುತ್ತಿದ್ದಳು. ಕೊನೆಕೊನೆಗೆ ಡಾಕ್ಟರು ಅವಳನ್ನು ನೋಡಿದರೆ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತುಬಿಡುತ್ತಿದ್ದರಂತೆ.

ನನ್ನ ಕೈ ಹಾಗೇ ಇದೆ. ಎಡಗಾಲು ಇವತ್ತಿಗೂ ಒಂಬತ್ತು ಬೆರಳೇ ಏಳುತ್ತದೆ, ಅದರಿಂದ ಹೆಚ್ಚಿಗೆ ನಾನು ಕೇಳುವುದನ್ನು ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಓಣಿ ಕೆಸರಾದರೆ ಮನೆಯಲ್ಲೇ ಇರುತ್ತೇನೆ. ಆ ದಿನಗಳಲ್ಲಿ ಮನಸ್ಸು ಕುಗ್ಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕುಗ್ಗಿದ್ದು ಕೆಸರಿನಿಂದ, ನನ್ನಿಂದಲ್ಲ ಅಂತ ನನಗೆ ಗೊತ್ತು. ಕೆಸರಿಗೆ ಕಲ್ಲು ಹಾಕಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಮೂಲೆ ಹಿಡಿದಿದ್ದರೆ ಮೊದಲು ಅವರ ಕಾಲು ಎಷ್ಟು ಬೆರಳು ಏಳುತ್ತದೆ ನೋಡಿ, ಆಮೇಲೆ ಹೊಸ್ತಿಲು ಎಷ್ಟು ಬೆರಳು ಇದೆ ನೋಡಿ. ವಯಸ್ಸನ್ನು ಆಮೇಲೆ ಲೆಕ್ಕ ಹಾಕಿದರಾಯಿತು.

ಮೊನ್ನೆ ಚನ್ನಗಿರಿ ಕಡೆಯಿಂದ ಒಬ್ಬರು ಬಂದಿದ್ದರು. ಸೂಳೆಕೆರೆಯ ಹತ್ತಿರದ ಅವರ ಊರಲ್ಲಿ ಮುದುಕರಿಗೆ ನೀರಿಗೆ ಇಳಿಯಲು ಕಷ್ಟವಾಗುತ್ತಿದೆಯಂತೆ. ಮೆಟ್ಟಿಲು ನೋಡಿ ಹೇಳಿ ಅಂದರು. ಬರುತ್ತೇನೆ ಅಂದೆ. ಗಾಡಿ ಕಳಿಸುತ್ತೇವೆ ಅಂದರು, ಬೇಡ ಅಂದೆ. ಹೊರಡುವ ದಿನ ನಾನು ಗಂಗವ್ವ ಇಬ್ಬರೂ ಬಸ್ಸು ಹಿಡಿಯಲು ರಸ್ತೆಗೆ ಹೋದೆವು.

ಈಗಿನದು ಇದ್ದಿಲ ಬಸ್ಸು. ಪೆಟ್ರೋಲ್ ಇಲ್ಲದೆ ಹಿಂದೆ ಒಲೆ ಹೊತ್ತುಕೊಂಡು ಹೊಗೆ ಬಿಡುತ್ತಾ ಬರುತ್ತದೆ. ಅದರ ಮೆಟ್ಟಿಲು ನನ್ನ ಮೊಣಕಾಲಿಗಿಂತ ಎತ್ತರ. ನಾನು ಮೋರಿಯ ಕಟ್ಟೆಯ ಮೇಲೆ ನಿಂತು ಕೈ ಅಡ್ಡ ಹಿಡಿದೆ, ಅಲ್ಲಿಂದ ಬಸ್ಸಿನ ಮೆಟ್ಟಿಲು ನನಗೆ ಸಮ. ಬಸ್ಸು ಹತ್ತು ಮಾರು ಮುಂದೆ ಹೋಗಿ ನಿಂತಿತು. ಕಂಡಕ್ಟರು ಇಳಿದು ಓ ಅಂತ ಕೂಗಿದ, ಬನ್ನಿ ಯಜಮಾನ್ರೇ, ಇಬ್ರು ಸೇರಿ ಎತ್ತಿ ಕೂರಿಸ್ತೀವಿ ಅಂದ. ಒಳಗಿನಿಂದ ನಾಲ್ಕಾರು ತಲೆ ಹೊರಗೆ ಬಂದವು. ಹೊತ್ತಾಗುತ್ತೆ ಅಂತ ಯಾರೋ ಗೊಣಗಿದರು. ಗಂಗವ್ವ ನನ್ನ ಮುಖ ನೋಡಿದಳು. ನಾನು ಕಟ್ಟೆಯಿಂದ ಇಳಿಯಲಿಲ್ಲ.

"ಎತ್ತೋದು ಬೇಡ. ಬಸ್ಸು ಹಿಂದಕ್ಕೆ ತಗೊಳ್ರಿ" ಅಂದೆ.

ಡ್ರೈವರು ಕಿಟಕಿಯಿಂದ ತಲೆ ಹಾಕಿ ನನ್ನನ್ನು ಒಂದು ಸಲ, ಕಟ್ಟೆಯನ್ನು ಒಂದು ಸಲ ನೋಡಿದ. ಆಮೇಲೆ ಹಿಂದಕ್ಕೆ ತಗೊಂಡ.